ಹಿತ್ತಲ ಕಿಂಡಿಗೆ ಹೊಡೆದ ತಗಡು

ನನ್ನ ಗಂಡ ಮೊದಲ ನೀಲಿ ಡ್ರಮ್ಮನ್ನು ಮನೆಗೆ ತಂದದ್ದು ಅವರ ಕಾರ್ಖಾನೆಯಲ್ಲಿ ಶನಿವಾರದ ಕೆಲಸ ನಿಲ್ಲಿಸಿದ ವಾರ. ಆಗ ನಾವು ಸಿಂಗಸಂದ್ರದಲ್ಲಿ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದೆವು. ರಸ್ತೆಯ ನಡುವೆ ಫ್ಲೈಓವರಿನ ಕಂಬಗಳು ಎದ್ದಿದ್ದವು, ಮೇಲೆ ಇನ್ನೂ ರಸ್ತೆ ಬಂದಿರಲಿಲ್ಲ. ಬೊಮ್ಮಸಂದ್ರದ ಕಡೆ ಹೋಗುವ ಕಾರ್ಖಾನೆ ಬಸ್ಸುಗಳು ಆ ಕಂಬಗಳ ಧೂಳಿನಲ್ಲಿ ತೆವಳುತ್ತಿದ್ದವು. ಅಂಥದೊಂದು ಬಸ್ಸಿನಲ್ಲಿ ಹೋಗಿ ನನ್ನ ಗಂಡ ಲಾರಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಿದ್ದರು.

ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ ಎಂದು ಟೀವಿಯಲ್ಲಿ ಹೇಳುತ್ತಿದ್ದಾಗ ಅದು ನಮ್ಮ ಅಡುಗೆಮನೆಯ ತನಕ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಶನಿವಾರ ಹೋಯಿತು, ಆಮೇಲೆ ರಾತ್ರಿ ಪಾಳಿ ಹೋಯಿತು. ಗುತ್ತಿಗೆಯ ಹುಡುಗರನ್ನು ಒಂದು ಬೆಳಿಗ್ಗೆ ಗೇಟಿನಲ್ಲೇ ತಡೆದು ಕಳುಹಿಸಿದರು. ದೀಪಾವಳಿ ಕಳೆದ ಮೇಲೆ ಕಾಯಂ ನೌಕರರಿಗೂ ಹೇಳಿಬಿಟ್ಟರು, ಕರೆದಾಗ ಬನ್ನಿ, ಅಲ್ಲಿತನಕ ಮನೆಯಲ್ಲಿರಿ ಎಂದು. ನನ್ನ ಗಂಡ ಆ ದಿನ ಮಧ್ಯಾಹ್ನವೇ ಮನೆಗೆ ಬಂದರು. ಊಟದ ಡಬ್ಬಿ ಬಿಚ್ಚಿರಲಿಲ್ಲ. ಅದನ್ನು ಕಟ್ಟೆಯ ಮೇಲಿಟ್ಟು ನೇರ ಹಿತ್ತಲಿಗೆ ಹೋಗಿ ಡ್ರಮ್ಮಿನಲ್ಲಿ ನೀರು ಎಷ್ಟಿದೆ ನೋಡಿದರು.

ಅವರು ಯಾರ ಹತ್ತಿರವೂ ಒಂದು ಬೆಂಕಿಪೊಟ್ಟಣ ಕೂಡ ಕೇಳಿದವರಲ್ಲ. ಕೆಲಸವಿದ್ದಾಗ ಅದು ಒಳ್ಳೆಯ ಗುಣವಾಗಿ ಕಾಣುತ್ತಿತ್ತು. ಮನೆಯಲ್ಲಿ ಕೂತ ಮೇಲೆ ಅದೇ ಒಂದು ಜ್ವರದ ಹಾಗೆ ಏರತೊಡಗಿತು. ರಾಗಿ ಮೂಟೆ ತಂದರು, ನಮ್ಮ ಜೊತೆಗಿದ್ದ ಅತ್ತೆ ಅದಕ್ಕೆ ಬೇವಿನ ಸೊಪ್ಪು ಬೆರೆಸಿ ಕೊಟ್ಟರು. ಅಕ್ಕಿ, ತೊಗರಿಬೇಳೆ, ಉಪ್ಪು, ಹುಣಸೆಹಣ್ಣು, ಮೇಣದಬತ್ತಿ, ಜ್ವರದ ಮಾತ್ರೆ ಬಂದವು. ರೇಷನ್ ಕಾರ್ಡು, ಮಗಳ ಜನನಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದರು. ಮನೆ ಬಿಟ್ಟು ಓಡಬೇಕಾದರೆ ಕೈಗೆ ಸಿಗಬೇಕು ಎಂದರು. ಎಲ್ಲಿಗೆ ಓಡುವುದು ಎಂದು ಕೇಳಿದೆ. ಅವರು ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದರು.

ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಹಾಲ್, ನಡುವೆ ಒಂದು ಕೋಣೆ, ಆಮೇಲೆ ಅಡುಗೆಮನೆ, ಅದರ ಹಿಂದೆ ಬಟ್ಟೆ ಒಗೆಯಲು ಒಂದು ಕಿರಿದಾದ ಜಾಗ. ಅದಕ್ಕೆ ಮೇಲೆ ತಾರಸಿ, ಪಕ್ಕದ ಓಣಿಯ ಕಡೆಗೆ ಎದೆಯೆತ್ತರದಿಂದ ಮೇಲಕ್ಕೆ ಕಬ್ಬಿಣದ ಸರಳುಗಳ ಕಿಂಡಿ. ಅದನ್ನೇ ನಾವು ಹಿತ್ತಲು ಎನ್ನುತ್ತಿದ್ದೆವು. ಡ್ರಮ್ಮು, ಮೂಟೆ, ಸೀಮೆಎಣ್ಣೆಯ ಡಬ್ಬ ಎಲ್ಲ ಅಲ್ಲಿಗೆ ಹೋಗಿ, ಕೊನೆಗೆ ಒಬ್ಬರು ಅಡ್ಡಡ್ಡ ನಡೆದು ನಲ್ಲಿ ಮುಟ್ಟುವಷ್ಟು ಜಾಗ ಉಳಿಯಿತು.

"ಇದೇನ್ರೀ ಮನೇನಾ, ಗೋಡೌನಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವರು ಡ್ರಮ್ಮಿನ ಮುಚ್ಚಳ ತಿರುಗಿಸುತ್ತ ನನ್ನ ಕಡೆ ನೋಡದೆ ಹೇಳಿದರು: "ನಾಳೆ ಏನಾದ್ರೂ ಆದ್ರೆ ಯಾರ ಮನೆ ಬಾಗ್ಲಿಗೆ ಹೋಗ್ತೀಯ, ಹೇಳು. ನಾನಂತೂ ಹೋಗಲ್ಲ."

ಸಾಲುಮನೆಯ ಮಾಲೀಕರು ಸಿಂಗಸಂದ್ರದ ಹಳೇ ಒಕ್ಕಲು ಮನೆತನದವರು. ಹೊಲವೆಲ್ಲ ಲೇಔಟಾಗಿ, ಉಳಿದ ತುಂಡಿನಲ್ಲಿ ಈ ಮನೆಗಳನ್ನು ಕಟ್ಟಿಸಿದ್ದರು. ಆ ಮನೆಯ ಯಜಮಾನಿಯನ್ನು ನಾವೆಲ್ಲ ಓನರ್ ಅಕ್ಕ ಎನ್ನುತ್ತಿದ್ದೆವು. ಓಣಿಯ ಆಚೆಗೇ ಅವರ ಮನೆ, ಕೊಟ್ಟಿಗೆ. ಅವರು ಇನ್ನೂ ಎರಡು ಹಸು ಸಾಕಿದ್ದರು. ನನ್ನ ಗಂಡ ಕೆಲಸವಿಲ್ಲದೆ ಕೂತದ್ದು ತಿಳಿದ ಮೇಲೆ ಬಾಡಿಗೆಗೆ ಅವಸರ ಮಾಡಬೇಡಿ ಎಂದು ನನ್ನ ಹತ್ತಿರ ಹೇಳಿದ್ದರು. ಅದನ್ನು ಇವರಿಗೆ ತಿಳಿಸಿದಾಗ ಮುಖ ಕಪ್ಪಾಯಿತು. ನಮ್ಮ ಕಷ್ಟವನ್ನು ಓಣಿಗೆಲ್ಲ ಹಂಚಬೇಡ ಎಂದರು. ಅಂದಿನಿಂದ ಟೀ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದರು.

ಆ ಚಳಿಗಾಲದಲ್ಲಿ ಮನೆ ನಡೆದದ್ದು ನನ್ನ ಹೊಲಿಗೆಯಿಂದ. ಮೊದಲು ಬಿಡುವಿನ ಕೆಲಸವಾಗಿದ್ದದ್ದು ಈಗ ಬದುಕಾಯಿತು. ಮಿಷನ್ನಿಗೆ ಮೋಟರು ಹಾಕಿಸಿಕೊಂಡಿದ್ದೆ, ಆದರೆ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಆಗ ಇವರು ಮುಚ್ಚಿಹೋದ ಯಾವುದೋ ಅಂಗಡಿಯಿಂದ ಒಂದು ಹಳೇ ಜನರೇಟರ್ ತಂದರು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಯಂತ್ರ. ಎರಡು ದಿನ ಕೂತು ಬಿಚ್ಚಿ, ತೊಳೆದು, ಜೋಡಿಸಿ, ಹಗ್ಗ ಎಳೆದರು. ಅದು ಗುಡುಗುಟ್ಟುತ್ತ ಎದ್ದಾಗ ಅವರ ಮುಖದಲ್ಲಿ ಬಹಳ ದಿನಗಳ ನಂತರ ನಗು ಕಂಡೆ. ಅದನ್ನು ಮುಂಬಾಗಿಲ ಹೊರಗೆ, ಓಣಿಯಲ್ಲಿಟ್ಟು ನಡೆಸುತ್ತಿದ್ದರು. ನಾನು ಬೆಳಕಿನಲ್ಲಿ ಹೊಲಿಯುತ್ತಿದ್ದೆ. ಅಷ್ಟರ ಮಟ್ಟಿಗೆ ಅವರ ಸಿದ್ಧತೆ ಸರಿಯೇ ಎಂದು ನನಗೂ ಅನ್ನಿಸಿತ್ತು.

ಆಮೇಲೆ ಸಾಲಿನ ಕೊನೇ ಮನೆಯ ಹಿಂದಿನಿಂದ ಯಾರೋ ಗ್ಯಾಸ್ ಸಿಲಿಂಡರ್ ಕದ್ದರು. ಮರುದಿನವೇ ನನ್ನ ಗಂಡ ತಗಡಿನ ಹಾಳೆ ತಂದು ಹಿತ್ತಲ ಕಿಂಡಿಗೆ ಅಡ್ಡಲಾಗಿ ಹೊರಗಿನಿಂದ ಹೊಡೆದರು. ಒಳಗೆ ಏನಿದೆ ಎಂದು ಯಾರಿಗೂ ಕಾಣಬಾರದು ಎಂಬುದು ಅವರ ಲೆಕ್ಕ. ಹಿತ್ತಲು ಹಗಲಿನಲ್ಲೂ ಕತ್ತಲೆಯಾಯಿತು. ಅತ್ತೆ, ಒಗೆದ ಬಟ್ಟೆ ಒಣಗುವುದಿಲ್ಲ ಎಂದು ಗೊಣಗಿದರು. ಇವರು ಕೇಳಲಿಲ್ಲ.

ಮಳೆಗಾಲ ಮುಗಿದಿದ್ದರೂ ಎಲ್ಲೋ ಸಮುದ್ರದಲ್ಲಿ ಎದ್ದ ಗಾಳಿಗೆ ಬೆಂಗಳೂರಿನಲ್ಲಿ ಮಳೆ ಹಿಡಿದುಕೊಂಡ ಒಂದು ವಾರ. ಅದರಲ್ಲಿ ಒಂದು ದಿನ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಕೂಡ್ಲುವಿನ ಒಂದು ಮದುವೆ ಮನೆಯ ರವಿಕೆಗಳನ್ನು ಸಂಜೆಗೆ ಕೊಡಬೇಕಾಗಿತ್ತು. ಮುಂದಿನ ಓಣಿಯಲ್ಲಿ ಮೊಣಕಾಲ ಕೆಳಗಿನ ತನಕ ನೀರು ಹರಿಯುತ್ತಿತ್ತು, ಜನರೇಟರ್ ಇಡುವ ಹಾಗಿರಲಿಲ್ಲ. ಇವರು ಅದನ್ನು ಹಿತ್ತಲಲ್ಲೇ ಇಟ್ಟು ಶುರುಮಾಡಿದರು. ಹೊಗೆ ಬರುತ್ತದಲ್ಲ ಎಂದೆ. ಬಾಗಿಲು ಹಾಕಿಕೊಳ್ಳುತ್ತೇನೆ, ಒಂದೆರಡು ಗಂಟೆಯ ಮಾತು ಎಂದರು. ಅಡುಗೆಮನೆಯ ಬಾಗಿಲ ಕೆಳಗಿನಿಂದ ವೈರು ಎಳೆದು, ಸಂದಿಗೆ ಗೋಣಿಚೀಲ ತುರುಕಿದರು.

ನಾನು ಮುಂಬಾಗಿಲ ಪಕ್ಕ ಕೂತು ಹೊಲಿಯುತ್ತಿದ್ದೆ. ಮೇಲೆ ಸಜ್ಜೆಯಿದ್ದದ್ದರಿಂದ ಎರಚಲು ಒಳಗೆ ಬರುತ್ತಿರಲಿಲ್ಲ, ಬಾಗಿಲು ತೆರೆದೇ ಇತ್ತು. ಒಂದನೇ ಕ್ಲಾಸಿನ ಮಗಳು ನನ್ನ ಕಾಲ ಬಳಿ ಬಟ್ಟೆಯ ಚೂರು ಆಯುತ್ತಿದ್ದವಳು ಚಳಿ ಎಂದು ನಡುಕೋಣೆಗೆ ಹೋಗಿ ಅಜ್ಜಿಯ ಕಂಬಳಿಯೊಳಗೆ ಸೇರಿಕೊಂಡಳು. ಇವರು ಆಗಾಗ ಎದ್ದು ಹೋಗಿ ಯಂತ್ರ ನೋಡಿ ಬರುತ್ತಿದ್ದರು. ಕೊನೆಯ ಸಲ ಸೀಮೆಎಣ್ಣೆ ಹಾಕಿ ಬರುತ್ತೇನೆ ಎಂದು ಹೋದರು.

ನನಗೆ ತಲೆ ಸಿಡಿಯುತ್ತಿತ್ತು. ಊಟ ತಡವಾದದ್ದಕ್ಕೆ ಎಂದುಕೊಂಡೆ. ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಎರಡೆರಡಾಗಿ ಕಂಡಿತು. ರವಿಕೆಗೆ ತೋಳು ಕೂಡಿಸಿ ನೋಡಿದೆ, ಬಲದ ತೋಳನ್ನು ಎಡಕ್ಕೆ ಹಚ್ಚಿದ್ದೆ. ಹಾಗೆ ನಾನು ಎಂದೂ ಮಾಡಿದವಳಲ್ಲ. ಆಗ ಮನೆಯ ಮೌನ ಕಿವಿಗೆ ಬಿತ್ತು. ಎಂಜಿನ್ ಓಡುತ್ತಿತ್ತು, ಮಳೆ ಬರುತ್ತಿತ್ತು, ಆದರೆ ಮನುಷ್ಯರ ಸದ್ದು ಇರಲಿಲ್ಲ. ಅತ್ತೆ ಮಲಗಿದರೆ ಗೊರಕೆ ಹೊಡೆಯುತ್ತಿದ್ದರು. ಗೊರಕೆ ಇರಲಿಲ್ಲ.

ಮಗಳನ್ನು ಕೂಗಿದೆ. ಇವರನ್ನು ಕೂಗಿದೆ. ಎದ್ದು ನಿಂತರೆ ಮಂಡಿಗಳು ನನ್ನವಲ್ಲದ ಹಾಗೆ ಮಡಚಿಕೊಂಡವು. ಗೋಡೆ ಹಿಡಿದು ನಡುಕೋಣೆಗೆ ಹೋದೆ. ಮಗಳನ್ನು ಅಲುಗಿಸಿದರೆ ಕಣ್ಣು ಅರ್ಧ ತೆರೆದಳು, ನನ್ನನ್ನು ಗುರುತಿಸಲಿಲ್ಲ. ಅವಳ ಎರಡೂ ಕಂಕುಳಿಗೆ ಕೈಕೊಟ್ಟು ಎಳೆದುಕೊಂಡು ಬಂದು ಹೊರಗೆ ಮೆಟ್ಟಿಲ ಮೇಲೆ ಮಳೆಯಲ್ಲೇ ಕೂರಿಸಿದೆ. ಮೈಮೇಲೆ ನೀರು ಬಿದ್ದದ್ದೇ ವಾಂತಿ ಮಾಡಿಕೊಂಡು ಅಳತೊಡಗಿದಳು. ಆ ಅಳು ಕೇಳಿ ನನ್ನ ಕಾಲಿಗೆ ಬಲ ಬಂತು.

ಅತ್ತೆ ದಪ್ಪ ಮೈಯವರು. ಎತ್ತಲು ಆಗಲಿಲ್ಲ. ಚಾಪೆಯ ಸಮೇತ ಎಳೆದೆ. ಹೊಸ್ತಿಲಿನಲ್ಲಿ ಚಾಪೆ ಸಿಕ್ಕಿಕೊಂಡಿತು. ಅಲ್ಲಿಂದಲೇ ಓನರ್ ಅಕ್ಕನನ್ನು ಕೂಗಿದೆ. ನನ್ನ ದನಿ ನನಗೇ ಕೇಳದಷ್ಟು ಮಳೆ. ಮಗಳು ಅಳುತ್ತ ನನ್ನ ಜೊತೆ ಕೂಗಿದಳು. ಅಕ್ಕ ತಲೆಗೆ ಗೋಣಿ ಹೊದ್ದು ಕೊಟ್ಟಿಗೆಯಿಂದ ಬಂದರು, ಒಂದು ಸಲ ನೋಡಿದರು, ಏನೂ ಕೇಳದೆ ಅತ್ತೆಯ ಕಾಲು ಹಿಡಿದರು. ಇಬ್ಬರೂ ಸೇರಿ ಅವರನ್ನು ಸಜ್ಜೆಯ ಕೆಳಗೆ ಹಾಕಿದೆವು. ಎದೆ ಮೆಲ್ಲಗೆ ಏರುತ್ತಿತ್ತು.

"ನಿನ್ ಗಂಡ ಎಲ್ಲವ್ನೆ?" ಎಂದು ಅಕ್ಕ ಕೇಳಿದರು.

ಸೆರಗಿನಿಂದ ಮೂಗು ಕಟ್ಟಿಕೊಂಡು ಅಡುಗೆಮನೆಗೆ ಓಡಿದೆ. ಹಿತ್ತಲ ಬಾಗಿಲು ಹಿತ್ತಲ ಕಡೆಗೇ ತೆರೆಯುವಂಥದ್ದು. ನೂಕಿದರೆ ನಾಲ್ಕು ಬೆರಳಷ್ಟು ಸರಿದು ನಿಂತಿತು. ಆ ಸಂದಿಯಲ್ಲಿ ಅವರ ಅಂಗಿ ಕಂಡಿತು. ಬಾಗಿಲಿಗೆ ಒರಗಿ ಕುಸಿದು ಕೂತಿದ್ದರು. ಅವರ ಕಾಲು ಎದುರಿನ ತುಂಬಿದ ಡ್ರಮ್ಮಿಗೆ ಆನಿಕೊಂಡಿತ್ತು. ನೂಕಿದಷ್ಟೂ ಬಾಗಿಲಿಗೂ ಡ್ರಮ್ಮಿಗೂ ನಡುವೆ ಅವರು ಬಿಗಿಯಾಗಿ ಸಿಕ್ಕಿಕೊಳ್ಳುತ್ತಿದ್ದರು. ಹೆಸರು ಹಿಡಿದು ಕೂಗಿದೆ, ಮದುವೆಯಾದ ಮೇಲೆ ಮೊದಲ ಸಲ.

ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. "ಒಳ್ಗಿಂದ ಆಗಾಕಿಲ್ಲ ಕಣವ್ವ. ತಗಡು ಕೀಳಾನ, ಬಾ."

ಕೊಟ್ಟಿಗೆಯಿಂದ ಹಾರೆ ತಂದರು. ಪಕ್ಕದ ಓಣಿಯ ನೀರಿನಲ್ಲಿ ನಿಂತು ತಗಡಿನ ಅಂಚಿಗೆ ಹಾರೆ ಕೊಟ್ಟು ಮೀಟಿದೆವು. ನನ್ನ ಗಂಡ ಮಾಡಿದ ಕೆಲಸ ಗಟ್ಟಿ. ಒಂದು ಮೊಳೆಯೂ ಸುಲಭವಾಗಿ ಬಿಡಲಿಲ್ಲ. ಕೈ ಜಾರಿ ತಗಡು ನನ್ನ ಅಂಗೈ ಸೀಳಿದ್ದು ಆಮೇಲೆ ಗೊತ್ತಾಯಿತು. ಒಂದು ಮೂಲೆ ಬಿಟ್ಟುಕೊಂಡದ್ದೇ ಇಬ್ಬರೂ ಜೋತುಬಿದ್ದು ಅದನ್ನು ಕಿತ್ತೆವು. ಬಿಸಿ ಹೊಗೆ ಮುಖಕ್ಕೆ ಹೊಡೆಯಿತು. ಸರಳುಗಳ ನಡುವಿನಿಂದ ಹಾರೆ ತೂರಿಸಿ ಅಕ್ಕ ಎಂಜಿನ್ನಿನ ಸ್ವಿಚ್ಚನ್ನು ಕುಟ್ಟಿದರು. ಎರಡು ಸಲ ತಪ್ಪಿತು. ಮೂರನೆಯದಕ್ಕೆ ಅದು ಕೆಮ್ಮಿ ನಿಂತಿತು.

ಆಮೇಲೆ ನಾನು ಹಾರೆ ಕಿತ್ತುಕೊಂಡು, ಸರಳುಗಳ ನಡುವಿನಿಂದಲೇ ಅವರ ಕಾಲಿಗೆ ಅಡ್ಡವಾಗಿದ್ದ ಡ್ರಮ್ಮಿನ ಬುಡಕ್ಕೆ ಚುಚ್ಚಿದೆ. ಮೊದಲ ಪೆಟ್ಟಿಗೆ ಪ್ಲಾಸ್ಟಿಕ್ಕು ಬಗ್ಗಿತಷ್ಟೇ. ಮೈಯ ಭಾರವೆಲ್ಲ ಹಾಕಿ ಮತ್ತೆ ಚುಚ್ಚಿದಾಗ ತೂತಾಯಿತು. ತಿಂಗಳುಗಟ್ಟಲೆ ಮುಟ್ಟಬೇಡಿ ಎಂದು ಕಾದಿಟ್ಟಿದ್ದ ನೀರು ರಾಗಿ ಮೂಟೆಗಳ ಬುಡ ನೆನೆಸುತ್ತ ಹರಿಯಿತು. ಅದು ಖಾಲಿಯಾಗುವ ತನಕ ಕಾಯುವುದಿತ್ತಲ್ಲ, ಅಷ್ಟು ಹೊತ್ತು ನಾನು ಸರಳು ಹಿಡಿದು ಅವರ ಬಗ್ಗಿದ ಕುತ್ತಿಗೆಯನ್ನೇ ನೋಡುತ್ತಿದ್ದೆ. ಉಸಿರಿದೆಯೋ ಇಲ್ಲವೋ ಅಲ್ಲಿಂದ ತಿಳಿಯುತ್ತಿರಲಿಲ್ಲ. ಇಲ್ಲ ಎಂದೇ ನಾನು ನಂಬಿಬಿಟ್ಟೆ. ಮಗಳಿಗೆ ಏನು ಹೇಳುವುದು ಎಂದು ಮಾತು ಜೋಡಿಸತೊಡಗಿದ್ದೆ.

ಡ್ರಮ್ಮು ಹಗುರವಾದ ಮೇಲೆ ಒಳಗಿನಿಂದ ಬಾಗಿಲು ನೂಕಿದೆವು. ಅಷ್ಟರಲ್ಲಿ ಪಕ್ಕದ ಮನೆಗಳವರು ಬಂದಿದ್ದರು. ನನ್ನ ಗಂಡ ತಿಂಗಳಿಂದ ಮಾತೇ ಆಡಿಸಿರದ ಜನ. ಅವರೇ ಇವರನ್ನು ಹೊತ್ತು ತಂದು ಸಜ್ಜೆಯ ಕೆಳಗೆ ಅತ್ತೆಯ ಪಕ್ಕ ಮಲಗಿಸಿದರು. ಕೆನ್ನೆ ವಿಚಿತ್ರವಾಗಿ ಕೆಂಪಗಿತ್ತು. ಮೂಗಿನ ಬಳಿ ಬೆರಳಿಟ್ಟರೆ ಬಿಸಿ ತಾಗಿತು.

ಎರಡು ಆಟೋಗಳಲ್ಲಿ ಆಸ್ಪತ್ರೆಗೆ ಹೋದೆವು. ಹೊಸೂರು ರಸ್ತೆಯಲ್ಲಿ ಫ್ಲೈಓವರಿಗೆ ತೋಡಿದ ಗುಂಡಿಗಳು ತುಂಬಿ ಗಾಡಿಗಳು ನಿಂತುಬಿಟ್ಟಿದ್ದವು. ಪಕ್ಕದ ಮನೆಯವರು ಇಳಿದು ಮುಂದೆ ಮುಂದೆ ನಡೆಯುತ್ತ ಲಾರಿಗಳನ್ನು ಬದಿಗೆ ಸರಿಸಿದರು. ಡಾಕ್ಟರು ಆಮ್ಲಜನಕ ಹಾಕಿದ ಮೇಲೆ ನನಗೆ ವಿವರಿಸಿದರು. ಕಣ್ಣಿಗೆ ಕಾಣುವ ಹೊಗೆ ಅಲ್ಲ, ಅದರ ಜೊತೆ ಬರುವ, ವಾಸನೆಯೂ ಇಲ್ಲದ ವಿಷಗಾಳಿ ರಕ್ತಕ್ಕೆ ಸೇರುತ್ತದಂತೆ. ಬಾಗಿಲು ಹಾಕಿ, ಸಂದಿ ಮುಚ್ಚಿದರೂ ಅದು ನುಸುಳುತ್ತದಂತೆ. ನಾನು ತೆರೆದ ಬಾಗಿಲ ಬಳಿ ಕೂತಿದ್ದಕ್ಕೆ ಎಲ್ಲರೂ ಉಳಿದಿರಿ ಎಂದರು.

ಇವರಿಗೆ ಎಚ್ಚರ ಬಂದದ್ದು ಮರುದಿನ. ಮೊದಲು ಅಮ್ಮ ಎಂದರು. ಪಕ್ಕದ ಮಂಚ ತೋರಿಸಿದೆ. ಮಗಳನ್ನು ಕೇಳಿದರು. ಓನರ್ ಅಕ್ಕನ ಮನೆಯಲ್ಲಿ ಊಟ ಮಾಡುತ್ತಿದ್ದಾಳೆ ಎಂದೆ.

"ಬಾಗ್ಲು ತೆಗೀಬೇಕು ಅಂತ ಗೊತ್ತಾಗ್ತಿತ್ತು ಕಣೇ," ಎಂದರು. "ಕೈ ಮೇಲಕ್ಕೆ ಬರ್ಲಿಲ್ಲ. ನೀನು ಹೊಲೀತಿರೋ ಸದ್ದು ಕೇಳ್ತಿತ್ತು."

ನಾನು ಅವರ ಕೈ ಹಿಡಿದು ಕೂತೆ. ಆವರೆಗೆ ಬಾರದಿದ್ದ ಅಳು ಆಗ ಬಂತು.

ಅತ್ತೆ ಬದುಕಿದರು, ಆದರೆ ಮೊದಲಿನಂತಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಕೆಲವು ದಿನ ಮೊಮ್ಮಗಳನ್ನು ನನ್ನ ಹೆಸರಿನಿಂದ ಕರೆಯುತ್ತಿದ್ದರು. ಅವರನ್ನು ಒಬ್ಬರೇ ಬಿಡುವ ಹಾಗಿರಲಿಲ್ಲ. ನನ್ನ ಗಂಡ ಆ ತಿಂಗಳುಗಳಲ್ಲಿ ತಾಯಿಯ ತಲೆ ಬಾಚಿ, ಊಟ ಬಡಿಸಿ, ಪಕ್ಕದಲ್ಲಿ ಕೂತಿರುತ್ತಿದ್ದರು. ಯಾರಾದರೂ ನೋಡಲು ಬಂದರೆ ಎದ್ದು ಒಳಗೆ ಹೋಗುತ್ತಿರಲಿಲ್ಲ.

ಜನರೇಟರನ್ನು ಅವರು ಮಾರಲಿಲ್ಲ. ಅಷ್ಟೂ ಭಾಗಗಳನ್ನು ಬಿಚ್ಚಿ ಗುಜರಿಗೆ ಕೊಟ್ಟರು, ಇನ್ನೊಬ್ಬರ ಮನೆಗೆ ಹೋಗಬಾರದು ಎಂದು. ನೆನೆದ ರಾಗಿಯಲ್ಲಿ ಮೊಳಕೆ ಬಂದದ್ದನ್ನು ಅಕ್ಕ ಹಸುಗಳಿಗೆ ಒಯ್ದರು. ಮದುವೆ ಮನೆಯವರು ಅರ್ಧ ಹೊಲಿದ ರವಿಕೆಗಳನ್ನು ಬೇರೆಯವರಿಗೆ ಕೊಟ್ಟು ಮುಗಿಸಿಕೊಂಡರು, ಮತ್ತೆ ನನ್ನ ಹತ್ತಿರ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಕಾರ್ಖಾನೆಯಿಂದ ಕರೆ ಬಂತು, ಗುತ್ತಿಗೆಯ ಮೇಲೆ ಬರುವುದಾದರೆ ಬನ್ನಿ ಎಂದು. ಮರುದಿನ ಬೆಳಿಗ್ಗೆ ಹೊರಟರು. ಹೊರಡುವ ಮುಂಚೆ ಓನರ್ ಅಕ್ಕನ ಮನೆಯ ಬಾಗಿಲಲ್ಲಿ ನಿಂತು, ಅಮ್ಮನನ್ನು ಮಧ್ಯಾಹ್ನ ಒಂದು ಸಲ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಕೇಳುವಾಗ ಕತ್ತು ತಗ್ಗಿಸಿದ್ದರು. ಅಕ್ಕ ಹಾಲು ಕರೆಯುತ್ತಿದ್ದವರು ತಲೆಯೆತ್ತದೆ, ಆಗಲಿ ಹೋಗಪ್ಪ, ಬಸ್ಸು ಹೊಂಟೋಯ್ತದೆ ಎಂದರು.