ಹೇಳದೆ ಕೊಟ್ಟ ಕೆಸುವಿನ ಎಲೆ

ಬನ್ನಿ ಮಕ್ಕಳೇ, ಹತ್ತಿರ ಕುಳಿತು ಕೇಳಿ. ಮಣಿಪಾಲದಲ್ಲಿ ನಾನು ಸೊಪ್ಪು ಮಾರುವಲ್ಲಿಗೆ ಬಯಲುಸೀಮೆಯ ಹುಡುಗಿಯೊಬ್ಬಳು ಬಂದಳು. ರೂಮು ಮಾಡಿಕೊಂಡು ಓದುವವಳು.

“ಅಜ್ಜಿ, ವಾರದ ಊಟಕ್ಕೆ ಇನ್ನೂರೇ ರೂಪಾಯಿ. ಬರೀ ಬನ್ನು ತಿಂದು ತಲೆ ತಿರುಗುತ್ತೆ.”

“ಬನ್ನಿನಲ್ಲಿ ಎಂತ ಉಂಟು ಮಗಾ? ಇದನ್ನು ಬೇಯಿಸಿ ತಿನ್ನು” ಎಂದು ಕೆಸುವಿನ ಎಲೆ ಸುಮ್ಮನೆ ಕೊಟ್ಟೆ.

ಸಂಜೆ ಮನೆಗೆ ಹೋಗಲು ನಾನು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಹುಳಿ ಹಾಕದಿದ್ದರೆ ಕೆಸು ಗಂಟಲು ತುರಿಸುತ್ತದೆ, ಊದಲೂಬಹುದು. ನಮ್ಮಲ್ಲಿ ಮಕ್ಕಳಿಗೂ ಗೊತ್ತಲ್ವಾ, ಹಾಗಾಗಿ ಹೇಳಿಯೇ ಇರಲಿಲ್ಲ. ಅವಳ ಹೆಸರೂ ಗೊತ್ತಿಲ್ಲ. ಎರಡು ದಿನ ಆಂಬುಲೆನ್ಸ್ ಕೂಗಿದಾಗಲೆಲ್ಲ ಒಳಗಿರುವುದು ಅವಳೇ ಏನೋ ಎಂದು ರಸ್ತೆಗೆ ಓಡುತ್ತಿದ್ದೆ.

ಮೂರನೆಯ ದಿನ ಬಂದಳು, ಸ್ವರ ಬಿದ್ದುಹೋಗಿತ್ತು. “ಏನಜ್ಜಿ, ನನ್ನ ಮೇಲೆ ಯಾವ ಸಿಟ್ಟು ನಿಮಗೆ?” “ಸಿಟ್ಟಲ್ಲ ಮಗಾ, ಹುಳಿ ಹಾಕಬೇಕು ಅಂತ ಹೇಳಲು ಮರೆತೆ” ಎಂದೆ.

ಈಗ ಅವಳು ನರ್ಸ್. ಅಂದು ಅವಳ ಜೊತೆ ಆ ಎಲೆ ತಿಂದ ರೂಮಿನ ಗೆಳತಿಯೊಬ್ಬಳು ಇಂದಿಗೂ ಸೊಪ್ಪು ಮುಟ್ಟುವುದಿಲ್ಲವಂತೆ. ಅಂದಿನಿಂದ ನಾನು ಕೆಸುವಿನ ಕಟ್ಟಿನೊಳಗೇ ಹುಣಸೆಹುಳಿ ಇಟ್ಟು ಕೊಡುತ್ತೇನೆ. ಊರ ಹೆಂಗಸರು ಆ ಪುಕ್ಕಟೆ ಹುಳಿಯ ಆಸೆಗೇ ಬರುತ್ತಾರೆ.