ನೆಲ್ಲಿಕಾಯಷ್ಟು ಗಡ್ಡೆ

ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ ನನ್ನ ಎಡ ಕಿಡ್ನಿಯ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಕ್ಯಾನ್ಸರ್ ಇರಬಹುದು ಎಂದ ಡಾಕ್ಟರು, "ಇಷ್ಟು ಸಣ್ಣದಿದ್ದಾಗ ಬೇರೆ ಕಡೆ ಹರಡಿರೋದು ಅಪರೂಪ. ಆದ್ರೂ ಎದೆಯದೊಂದು ಸ್ಕ್ಯಾನ್ ಆಗಲಿ" ಎಂದರು. ಹಾಗಾಗಿ ಬೇಲೂರಿನಿಂದ ಮತ್ತೆ ಅರಸೀಕೆರೆಯ ಆಸ್ಪತ್ರೆಗೆ ಬಂದು, ಸ್ಕ್ಯಾನ್ ಮುಗಿಸಿ, ಡಾಕ್ಟರು ಕರೆಯುವುದನ್ನೇ ಕಾಯುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು.

"ಕೂತ್ಕಳಿ ಸಾರ್, ನಿಮ್ಮನ್ನ ನೋಡಿ ನಂಗೂ ತಲೆ ತಿರುಗ್ತೈತೆ" ಎಂದರು ಪಕ್ಕದಲ್ಲಿದ್ದ ಕಣಕಟ್ಟೆಯ ರೈತರೊಬ್ಬರು. ನನ್ನ ಕತೆ ಹೇಳಿದೆ.

"ನಂದೂ ಅದೇ ಕಾಯಿಲೆ. ಆದ್ರೆ ಗಡ್ಡೆ ನೆಲ್ಲಿಕಾಯಷ್ಟೇ ಇದ್ದಿದ್ದು."

"ಹಾಗಾದ್ರೆ ನೀವು ಬಚಾವಾದ್ರಿ ಬಿಡಿ!" ಎಂದೆ, ಒಳಗೊಳಗೇ ಹೊಟ್ಟೆಕಿಚ್ಚುಪಟ್ಟು.

"ಎಲ್ಲಿ ಬಚಾವು? ಗೊತ್ತಾಗೋ ಹೊತ್ಗೇ ಶ್ವಾಸಕೋಶಕ್ಕೆ ಹೋಗ್ಬಿಟ್ಟಿತ್ತು. ಮಾತ್ರೆ ನುಂಗ್ತಾ ಇವ್ನಿ. ಸದ್ಯ ಬೆಳೀತಿಲ್ವಂತೆ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ನನ್ನದು ಎಲ್ಲೂ ಹರಡಿರಲಿಲ್ಲ. ಆಪರೇಷನ್ ಮಾಡಿ ಗಡ್ಡೆ ತೆಗೆದರೆ ಸಾಕಂತೆ. ಹೊರಗೆ ಬರುವ ಮುಂಚೆ ಬಾಗಿಲ ಬಳಿ ನಿಂತು ಮುಖ ಗಂಭೀರ ಮಾಡಿಕೊಂಡೆ. ಆ ರೈತರು ನೋಡಿದ ಕೂಡಲೇ ಕಂಡುಹಿಡಿದರು.

"ಹರಡಿಲ್ಲ ತಾನೆ? ಮತ್ಯಾಕ್ ಸಾರ್ ಈ ಸಾವಿನ ಮನೆ ಮುಖ? ಜೋರಾಗಿ ನಗ್ರೀ!"

ನಗಲು ಹೋದೆ, ಅಳು ಬಂತು. ಅವರೇ ಬೆನ್ನು ತಟ್ಟಿ ನನ್ನನ್ನು ಬಸ್ ಸ್ಟ್ಯಾಂಡಿನ ಕಡೆ ಕಳಿಸಿದರು.

ಬಸ್ಸು ಹತ್ತುವಷ್ಟರಲ್ಲಿ ಹೆಂಡತಿಯ ಫೋನು. ವಿಷಯ ತಿಳಿಸಿದೆ. "ನಾನು ಹೇಳಿರ್ಲಿಲ್ವಾ, ಸಣ್ಣದು, ಏನೂ ಆಗಲ್ಲ ಅಂತ?"

"ಗಾತ್ರದ ಮಾತು ಬಿಡು ಕಣೇ" ಎಂದೆ. "ಹರಡಿಲ್ಲ, ಅಷ್ಟೇ ಸಾಕು."