ನೀರಿಗೆ ದಾರಿ ತೋರಿದ ಖಾಲಾ

ಬೆರಳ ತುದಿಗಳಿಗೆಲ್ಲ ಗೋರಂಟಿಯ ಕೆಂಪು, ಉಗುರಿನ ಸಂದಿಗಳಲ್ಲಿ ನಮ್ಮ ಸೀಮೆಯ ಕೆಮ್ಮಣ್ಣು. ಎಲ್ಲಿ ಬಣ್ಣ ಮುಗಿದು ಎಲ್ಲಿ ಮಣ್ಣು ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯಾಕೆ ಆ ಕೈಯನ್ನು ಗಿಡ್ಡ ಗೋಡೆಯ ಮೇಲಿಂದ ಚಾಚಿ ಒಂದು ಹಿಡಿ ಕರಿಬೇವನ್ನು ನನ್ನ ಸೆರಗಿಗೆ ಹಾಕಿದ್ದೇ ನಮ್ಮ ಮೊದಲ ಪರಿಚಯ. ಐವತ್ತರ ದಶಕದ ಕೊನೆಯ ಮಾತು. ಶಾಲೆಯ ಮೇಷ್ಟರನ್ನು ಮದುವೆಯಾಗಿ ನಾನು ಆಗಷ್ಟೇ ಶಿಡ್ಲಘಟ್ಟಕ್ಕೆ ಬಂದಿದ್ದೆ. ಪಕ್ಕದ ಮನೆಯವರದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಸುಬು. ಆ ಮನೆಯ ಹಿರಿಯಾಕೆಯನ್ನು ಬೀದಿಯವರೆಲ್ಲ ಖಾಲಾ ಎನ್ನುತ್ತಿದ್ದರು. ಉರ್ದುವಿನಲ್ಲಿ ಹಾಗೆಂದರೆ ಚಿಕ್ಕಮ್ಮ. ನನಗೂ ಅವರು ಚಿಕ್ಕಮ್ಮನೇ ಆದರು.

ಬೇಸಿಗೆಯಲ್ಲಿ ಊರೆಲ್ಲ ಬಿಳಿಚಿಕೊಂಡರೂ ಅವರ ಹಿತ್ತಿಲು ಮಾತ್ರ ಹಸಿರು. ಅದಕ್ಕಾಗಿ ಅವರು ಬಾವಿಯಿಂದ ಒಂದು ಕೊಡ ನೀರನ್ನೂ ಹೆಚ್ಚಿಗೆ ಸೇದುತ್ತಿರಲಿಲ್ಲ. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೆ, ಅಲ್ಲಿಂದ ನುಗ್ಗೆಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು ಮಲ್ಲಿಗೆಗೆ ಮೀಸಲು. ಹುಳು ಸಾಕುವವರು ಚೆಲ್ಲುತ್ತಿದ್ದ ಹಿಪ್ಪುನೇರಳೆ ಕಡ್ಡಿ, ಎಲೆಗಳನ್ನು ಬೇಡಿ ತಂದು ಗಿಡಗಳ ಬುಡಕ್ಕೆ ದಪ್ಪಗೆ ಹರಡುತ್ತಿದ್ದರು. "ಮಣ್ಣಿಗೂ ಸೆಕೆ ಆಗ್ತದಮ್ಮ, ಮೇಲೆ ಏನಾದ್ರೂ ಹೊದಿಸ್ಬೇಕು" ಎನ್ನುವರು.

ಒಮ್ಮೆ ನಾನು ಪಾತ್ರೆ ತೊಳೆದ ನೀರನ್ನು ಬೀದಿಗೆ ಎರಚಲು ಹೊರಟಾಗ ಗೋಡೆಯಾಚೆಯಿಂದ ದನಿ ಬಂತು: "ಅಯ್ಯೋ, ಮನೆಗೆ ಬಂದ ನೆಂಟರನ್ನ ಹಂಗೆ ಆಚೆಗೆ ತಳ್ಳಬಾರದು. ಏನಾದ್ರೂ ಕೆಲಸ ಹೇಳ್ಬೇಕು."

"ನೆಂಟರಿಗೆ ಯಾರಾದ್ರೂ ಕೆಲಸ ಹೇಳ್ತಾರಾ ಖಾಲಾ?"

"ನಮ್ಮನೇಲಿ ಹೇಳ್ತೀವಪ್ಪ!" ಎಂದು ಅವರು ನಕ್ಕ ರಭಸಕ್ಕೆ ಗೋಡೆಯ ಮೇಲಿದ್ದ ಬೆಕ್ಕು ಎದ್ದು ಓಡಿತು.

ಮಾರನೆಯ ಬೇಸಿಗೆಯಲ್ಲಿ ಬೀದಿಯ ಬಾವಿ ನೀರು ನಾರತೊಡಗಿತು. ದನ ಕಟ್ಟುವವರನ್ನು ಬಟ್ಟೆ ಒಗೆಯುವವರು ಬೈದರು, ಅವರನ್ನು ಇವರು ಬೈದರು. ಖಾಲಾ ಒಂದು ಕೊಡ ಸೇದಿ ಮೂಸಿ ನೋಡಿದವರು ನೆಟ್ಟಗೆ ತಮ್ಮ ಮನೆಯ ಹಿಂದೆ ನೂಲು ತೆಗೆಯುವ ಕೊಟ್ಟಿಗೆಗೆ ನಡೆದರು. ಅವರ ಮಗ ಅಲ್ಲಿ ಹೊಸದಾಗಿ ಇನ್ನೆರಡು ಒಲೆ ಹೂಡಿದ್ದ. ಗೂಡು ಬೇಯಿಸಿದ ನೀರು ಗೋಡೆಯ ಪಕ್ಕದ ಗುಂಡಿಯಲ್ಲಿ ನಿಂತು, ಇಂಗಿ, ಬಾವಿ ಸೇರುತ್ತಿತ್ತು.

"ಒಲೆ ಆರಿಸು."

"ಅಮ್ಮಿ, ಗೂಡು ಕಾಯಲ್ಲ. ಚಿಟ್ಟೆ ತೂತು ಮಾಡ್ಕೊಂಡು ಬಂದ್ರೆ ನೂಲೆಲ್ಲ ಹೋಯ್ತು!"

"ಬಂದ್ರೆ ಬರ್ಲಿ. ಆ ನೀರು ಮಕ್ಕಳು ಕುಡೀತವೆ ಕಣೋ."

ಆಮೇಲೆ ಸೆರಗನ್ನು ತಲೆಗೆಳೆದುಕೊಂಡು ಬಾವಿಕಟ್ಟೆ ಹತ್ತಿದರು. "ಯಾರನ್ನೂ ಬೈಬೇಡಿ. ಗಲೀಜು ನಮ್ಮನೇದೇ. ಸರಿ ಮಾಡೋವರೆಗೂ ಒಲೆ ಹಚ್ಚಲ್ಲ" ಎಂದರು.

ಯಾರಾದರೂ ಒಂದು ಕೆಟ್ಟ ಮಾತು ಆಡಿದ್ದರೆ ಬೀದಿ ಎರಡು ಪಾಲಾಗುತ್ತಿತ್ತು. ಎದುರು ಮನೆಯ ತೆಲುಗಿನ ಅಜ್ಜಿ, ಎಲ್ಲರನ್ನೂ ಗದರಿಸುವಾಕೆ, ಕೋಲೂರಿ ಮುಂದೆ ಬಂದರು. "ಸರೇಲೇಮ್ಮಾ, ಹಾರೆ ಎಲ್ಲಿದೆ ಹೇಳು. ನನ್ನ ಮೊಮ್ಮಕ್ಕಳು ಸುಮ್ನೆ ತಿಂದ್ಕೊಂಡು ಕೂತವ್ರೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಅಲ್ಲಿಂದ ಮುಂದಕ್ಕೆ ಹಬ್ಬವೇ. ಬಾವಿಯ ನೀರನ್ನೆಲ್ಲ ಎತ್ತಿ ಹಾಕಿ ಹೂಳು ತೆಗೆದರು. ಹಳೆಯ ಗುಂಡಿ ಮುಚ್ಚಿ, ಬಾವಿಗಿಂತ ತಗ್ಗಿನಲ್ಲಿದ್ದ ಹಿತ್ತಿಲ ಕೊನೆಗೆ ಕಾಲುವೆ ತೋಡಿದರು. ಅಲ್ಲಿ ನೀರು ಸೋಸಲು ಜಲ್ಲಿ, ಮರಳು, ಇದ್ದಿಲು ತುಂಬಿದ ಗುಂಡಿ. ಅದರಾಚೆಗೆ ಖಾಲಾ ಕೆಸು, ಕಾಬಾಳೆ, ಬಾಳೆ ನೆಟ್ಟರು. ಸತ್ತ ಹುಳುಗಳನ್ನು ಸೋಸಿ ಗೊಬ್ಬರದ ಗುಂಡಿಗೆ ಹಾಕಬೇಕೆಂದು ಮಗನಿಗೆ ಕಟ್ಟುನಿಟ್ಟು ಮಾಡಿದರು. ನಮ್ಮ ಮೇಷ್ಟರು ಬುಟ್ಟಿ ಹೊತ್ತು ಮೊಣಕಾಲುದ್ದ ಕೆಸರಿಗೆ ಜಾರಿದಾಗ ಅವರ ಶಿಷ್ಯರಿಗಾದ ಆನಂದ ಅಷ್ಟಿಷ್ಟಲ್ಲ.

ಒಳಗಿನ ಹುಳು ಸಾಯಲೆಂದು ಗೂಡನ್ನು ಬಿಸಿಲಿಗೆ ಹರವಿದರೂ ಒಂದು ಪಾಲಿನಿಂದ ಚಿಟ್ಟೆ ಹೊರಬಂತು. ಕೊಟ್ಟಿಗೆಯ ತುಂಬ ಬಿಳಿ ರೆಕ್ಕೆಗಳು ಪಟಪಟಿಸಿದವು. ಮಗ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಖಾಲಾ ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡು ಬೇಟಾ, ಈ ಸಲ ಇವುಕ್ಕೂ ಶಾದಿ ಯೋಗ ಇತ್ತು" ಎಂದರು. ಅವನಿಗೂ ನಗು ತಡೆಯಲಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಬಾವಿ ನೀರು ತಿಳಿಯಾಯಿತು. ಮರುವರ್ಷ ಆ ಬಾಳೆ ಬಿಟ್ಟ ಗೊನೆಯನ್ನು ಎತ್ತಲು ಇಬ್ಬರು ಬೇಕಾಯಿತು. ಖಾಲಾ ಅದನ್ನು ಬೀದಿಯ ಮನೆಮನೆಗೂ ಹಂಚಿದರು. ಮೊದಲ ಚಿಪ್ಪು ತೆಲುಗಿನ ಅಜ್ಜಿಗೆ.

ನಮಗೆ ಚಿಂತಾಮಣಿಗೆ ವರ್ಗವಾದಾಗ ಖಾಲಾ ಬಸ್ಸಿನಲ್ಲಿ ನನ್ನ ಜೊತೆಗೇ ಬಂದರು. ಸಾಮಾನು ಇಳಿಸುವ ಮೊದಲೇ ಹೊಸ ಮನೆಯ ಹಿತ್ತಿಲಿಗೆ ಹೋಗಿ, ಒಂದು ಚೊಂಬು ನೀರು ಸುರಿದು, ಕುಕ್ಕರಗಾಲಲ್ಲಿ ಕುಳಿತರು. ಆ ನೀರು ತಡವರಿಸಿ, ಬಳಸಿ, ಮೂಲೆಯ ಕಡೆಗೆ ಹೊರಟಿತು.

"ನೋಡ್ದಾ? ನಿನ್ನ ಬಾಳೆ ಎಲ್ಲಿ ನೆಡಬೇಕು ಅಂತ ಅದೇ ಹೇಳ್ತಾ ಐತೆ."

ಖಾಲಾ ತೀರಿಕೊಂಡ ಸುದ್ದಿ ಅರವತ್ತರ ದಶಕದ ಕೊನೆಯಲ್ಲಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹಿತ್ತಿಲಲ್ಲಿ ಅವರ ಮಗ ಕಾಲುವೆಯ ಕಸ ತೆಗೆಯುತ್ತಿದ್ದ. ನನ್ನನ್ನು ಕಂಡು ಅವನು ಅತ್ತ, ನಾನೂ ಅತ್ತೆ. ಆಮೇಲೆ ಇನ್ನೊಂದು ಗುದ್ದಲಿ ಹುಡುಕಿಕೊಂಡು ನಾನೂ ಅವನ ಪಕ್ಕಕ್ಕಿಳಿದೆ. ಕಸ ತೆಗೆದೊಡನೆ ನೀರು ಮುಂದಕ್ಕೆ ಹರಿಯಿತು.